ಮರಿಯ ಹಲ್ಲು, ಮನೆಯವರ ಚಪ್ಪಲಿ

ನಾಯಿಮರಿಗೆ ಹಾಲುಹಲ್ಲು 28. ನಾಲ್ಕನೇ ತಿಂಗಳ ಸುಮಾರಿಗೆ ಇವು ಉದುರತೊಡಗಿ, ಏಳು ತಿಂಗಳ ಹೊತ್ತಿಗೆ 42 ಹಲ್ಲು ಮೂಡಿರುತ್ತವೆ. ಈ ನಡುವೆ ಒಸಡಿನ ಕಿರಿಕಿರಿಗೆ ಮರಿ ಚಪ್ಪಲಿ, ಗೋಣಿಚೀಲ, ಪಂಚೆಯ ಅಂಚು ಎಲ್ಲವನ್ನೂ ಅಗಿಯುತ್ತದೆ, ಪುಂಡಾಟವೇನಲ್ಲ. 2016ರಲ್ಲಿ ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದ ಮುಧೋಳ ತಳಿಯ ಮರಿಗಳಿಗೂ ಈ ಹಂತ ತಪ್ಪಿದ್ದಲ್ಲ.

ಕಚ್ಚುವುದಕ್ಕೆ ಮಿತಿ ಇದೆಯೆಂಬ ಮೊದಲ ಪಾಠ ಒಡಹುಟ್ಟಿದ ಮರಿಗಳ ಆಟದಲ್ಲೇ ಆಗುತ್ತದೆ: ಜೋರಾಗಿ ಕಚ್ಚಿಸಿಕೊಂಡ ಮರಿ ಕುಂಯ್‌ಗುಟ್ಟಿ ಆಟ ಬಿಡುತ್ತದೆ. ಎಂಟು ವಾರಕ್ಕೆ ಮೊದಲೇ ತಾಯಿಯಿಂದ ಬೇರ್ಪಟ್ಟ ಮರಿಗೆ ಈ ಪಾಠ ಅರೆಬರೆ. ಮನೆಯಲ್ಲೂ ಇದೇ ಉಪಾಯ ನಡೆಯುತ್ತದೆ. ಹಲ್ಲು ತಾಗಿದೊಡನೆ ಆಟ ನಿಲ್ಲಿಸಿ, ತಣ್ಣೀರಿನಲ್ಲಿ ನೆನೆಸಿ ಗಂಟು ಹಾಕಿದ ದಪ್ಪ ಬಟ್ಟೆಯನ್ನು ಅಗಿಯಲು ಕೊಡಬೇಕು. ಹೊಡೆದರೆ ಮರಿ ಕೈಗೆ ಹೆದರುತ್ತದೆ, ಅಷ್ಟೆ. ಮೈಮೇಲೆ ಹಾರಿದರೂ ಹೀಗೆಯೇ ಆಟ ನಿಲ್ಲಿಸಿ ಬೆನ್ನು ತಿರುಗಿಸುವುದು; ನಾಲ್ಕೂ ಕಾಲು ನೆಲಕ್ಕೂರಿದಾಗ ಮಾತ್ರ ಮುದ್ದು.