ಪಹಣಿಯ ಕಾಣದ ಮುದ್ರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರು ಸಾಲಕ್ಕೂ ಜಮೀನಿನ ವ್ಯವಹಾರಕ್ಕೂ ಬಳಸುವ ಪಹಣಿ ‘ಭೂಮಿ’ ಯೋಜನೆಯ ಫಲವಾಗಿ ಇಂದು ಅಂತರ್ಜಾಲದಲ್ಲಿಯೂ ಡಿಜಿಟಲ್ ಸಹಿಯೊಡನೆ ದೊರೆಯುತ್ತದೆ. ಈ ಸಹಿ ಅಧಿಕಾರಿಯ ಹಸ್ತಾಕ್ಷರದ ಚಿತ್ರವಲ್ಲ. ಕಡತವನ್ನು ಇಡಿಯಾಗಿ ಗಣಿತದ ಸೂತ್ರವೊಂದಕ್ಕೆ ಒಳಪಡಿಸಿ ‘ಹ್ಯಾಶ್’ ಎಂಬ ಸಾರಸಂಖ್ಯೆಯನ್ನು ಪಡೆಯಲಾಗುತ್ತದೆ. 2 ಎಕರೆ 10 ಗುಂಟೆ ಎಂದಿರುವಲ್ಲಿ ಯಾರಾದರೂ 10 ಅನ್ನು 19 ಎಂದು ತಿದ್ದಿದರೆ ಆ ಸಂಖ್ಯೆ ಗುರುತು ಸಿಗದಷ್ಟು ಬದಲಾಗಿಬಿಡುತ್ತದೆ. ಸಹಿದಾರರು ತಮ್ಮಲ್ಲಿ ಮಾತ್ರ ಗುಟ್ಟಾಗಿರುವ ಖಾಸಗಿ ಕೀಲಿಯಿಂದ ಈ ಸಂಖ್ಯೆಗೆ ಸಹಿ ಹಾಕುತ್ತಾರೆ. ಅದರ ಜೋಡಿಯಾದ ಸಾರ್ವಜನಿಕ ಕೀಲಿಯಿಂದ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು.

ಆದರೆ ಆ ಸಾರ್ವಜನಿಕ ಕೀಲಿ ಯಾರದು? ಇದಕ್ಕೆ ಉತ್ತರ ಕೊಡುವ ಪತ್ರವೇ ಡಿಜಿಟಲ್ ಪ್ರಮಾಣಪತ್ರ. 1988ರಲ್ಲಿ ರೂಪುಗೊಂಡ ಎಕ್ಸ್.509 ಎಂಬ ಮಾನದಂಡದಂತೆ ಅದರಲ್ಲಿ ಕೀಲಿಯ ಒಡೆಯರ ಹೆಸರು, ಕೀಲಿ, ಕ್ರಮಸಂಖ್ಯೆ, ಊರ್ಜಿತದ ಅವಧಿ, ಪತ್ರ ನೀಡಿದವರ ಹೆಸರು ಮತ್ತು ಅವರ ಸಹಿ ಇರುತ್ತವೆ. ಓಪನ್‌ಎಸ್‌ಎಸ್‌ಎಲ್, ಬೌನ್ಸಿ ಕ್ಯಾಸಲ್ ಮುಂತಾದ ಲೈಬ್ರರಿಗಳು, ಅಂದರೆ ಪ್ರೋಗ್ರಾಂ ಬರೆಯುವವರು ತಮ್ಮ ಕೆಲಸಕ್ಕೆ ಎತ್ತಿಕೊಳ್ಳುವ ಸಿದ್ಧ ಸಂಕೇತಗಳ ಭಂಡಾರಗಳು, ಇದನ್ನು ಕೆಲವೇ ಸಾಲುಗಳಲ್ಲಿ ತಯಾರಿಸಿಕೊಡುತ್ತವೆ: ಮೊದಲು 2048 ಬಿಟ್‌ನ ಕೀಲಿಜೋಡಿ, ಆಮೇಲೆ ಹೆಸರು ಮತ್ತು ದಿನಾಂಕ, ಕೊನೆಗೆ ಸಹಿ.

ಎಚ್ಚರ ಬೇಕಾದದ್ದು ಇಲ್ಲಿಯೇ. ಹೆಸರಿನ ಜಾಗದಲ್ಲಿ ‘ತಹಸೀಲ್ದಾರ್, ತಿಪಟೂರು’ ಎಂದು ಯಾರು ಬರೆದರೂ ಲೈಬ್ರರಿ ತಡೆಯುವುದಿಲ್ಲ, ಅದರ ಗಣಿತವೂ ತಪ್ಪುವುದಿಲ್ಲ. ಬರೆದವರು ಯಾರೆಂದು ತಿಳಿಯುವ ದಾರಿಯೇ ಅದಕ್ಕಿಲ್ಲ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿರುವುದು ಸದ್ದಿನಿಂದಲೇ ತಿಳಿಯುತ್ತದೆ, ಆದರೆ ಪ್ರಮಾಣಪತ್ರದ ಸಾಚಾತನ ಅದರೊಳಗೆ ಸಿಗುವಂಥದ್ದಲ್ಲ. ಆದ್ದರಿಂದಲೇ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಹುದ್ದೆಯನ್ನು ರೂಪಿಸಿತು. ಅವರಿಂದ ಪರವಾನಗಿ ಪಡೆದ ಸಂಸ್ಥೆಗಳು ಅರ್ಜಿದಾರರ ಗುರುತನ್ನು ಪರಿಶೀಲಿಸಿ ಪತ್ರ ನೀಡುತ್ತವೆ.

ಈ ಸರಪಳಿಯೂ ಒಮ್ಮೆ ಸಡಿಲಗೊಂಡಿತ್ತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣೀಕರಣ ವ್ಯವಸ್ಥೆಯಿಂದ ಗೂಗಲ್ ತಾಣಗಳ ಹೆಸರಿನಲ್ಲಿ ಅನಧಿಕೃತ ಪತ್ರಗಳು ಹೊರಬಿದ್ದಿರುವುದು 2014ರ ಜುಲೈನಲ್ಲಿ ಪತ್ತೆಯಾಯಿತು. ನಿಯಂತ್ರಕರು ಸಂಬಂಧಿತ ಪ್ರಮಾಣಪತ್ರಗಳನ್ನು ರದ್ದುಪಡಿಸಿದರು.

ಇನ್ನೊಂದು ಸಂಗತಿ ಬೆಳೆಗಾರರಿಗೆ ನೇರವಾಗಿ ಸಂಬಂಧಿಸಿದ್ದು. ಡಿಜಿಟಲ್ ಸಹಿ ಇರುವುದು ಕಡತದಲ್ಲಿಯೇ ಹೊರತು ಕಾಗದದಲ್ಲಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಅಚ್ಚುಹಾಕಿಸಿದ ಪ್ರತಿಯಲ್ಲಿ ಉಳಿಯುವುದು ಆ ಸಹಿಯ ಚಿತ್ರ ಮಾತ್ರ, ಆದ್ದರಿಂದ ಅನುಮಾನ ಬಂದಾಗ ಮೂಲ ಕಡತವನ್ನೇ ತೆರೆದು ತಾಳೆ ನೋಡಬೇಕಾಗುತ್ತದೆ.