ಅಡಗಿದ ದೋಷದ ಅರಿವು: ಹಳೆಯ ವಾಹನ ಒಮ್ಮೊಮ್ಮೆ ಹೊರಡದಿರುವುದೇಕೆ?

ಪೂರ್ಣವಾಗಿ ಕೆಟ್ಟುನಿಂತ ವಾಹನದ ದೋಷವನ್ನು ಹುಡುಕುವುದು ಅಷ್ಟು ಕಷ್ಟವಲ್ಲ. ಮುಂಜಾನೆ ಸಲೀಸಾಗಿ ಚಾಲೂ ಆಗಿ, ಮಧ್ಯಾಹ್ನ ಸಂತೆಯ ಬೀದಿಯಲ್ಲಿ ಹಟ ಹಿಡಿದು, ಮೆಕ್ಯಾನಿಕ್ ಬಂದೊಡನೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವ ವಾಹನವೇ ಮನೆಯವರನ್ನು ಹೆಚ್ಚು ದಣಿಸುತ್ತದೆ. ದೋಷವು ಇದೆಯೆಂಬುದು ನಿಜ. ಆದರೆ ತೋರಿಸಹೋದರೆ ಅದು ಕಾಣದು.

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ೧೯೫೦ರ ದಶಕದ ಕೊನೆಯಿಂದ ತಯಾರಾಗುತ್ತಿದ್ದ ಅಂಬಾಸಡರ್ ಕಾರಿನ ಉತ್ಪಾದನೆ ೨೦೧೪ರಲ್ಲಿ ನಿಂತಿತು. ೧೯೮೩ರಲ್ಲಿ ಬಂದ ಮಾರುತಿ ೮೦೦ ಕೂಡ ಅದೇ ವರ್ಷ ವಿರಾಮ ಪಡೆಯಿತು. ಆದರೂ ಅನೇಕ ಮಠಗಳಲ್ಲಿ, ರೈತ ಕುಟುಂಬಗಳಲ್ಲಿ ಈ ವಾಹನಗಳು ಇನ್ನೂ ಸೇವೆ ಸಲ್ಲಿಸುತ್ತಿವೆ. ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯುವುದೂ, ದಾಸೋಹಕ್ಕೆ ಅಕ್ಕಿ-ಬೇಳೆ ತರುವುದೂ ಅವುಗಳಿಂದಲೇ. ಇಂಥ ವಾಹನಕ್ಕೆ ಊಹೆಯ ಮೇಲೆ ಒಂದೊಂದೇ ಬಿಡಿಭಾಗ ಹಾಕಿಸುತ್ತ ಹೋದರೆ, ಕಾಯಕದಿಂದ ಬಂದ ಹಣ ವ್ಯರ್ಥವಾಗುವುದಲ್ಲದೆ, ಕೊನೆಗೆ ವಾಹನವೇ ಗುಜರಿಯ ದರಕ್ಕೆ ಮಾರಿಹೋಗುತ್ತದೆ.

ನಮಗೆ ಪರಿಚಿತವಾದ ಒಂದು ಮಠದ ಅಂಬಾಸಡರ್ ಹೀಗೆಯೇ ಕಾಡುತ್ತಿತ್ತು. ಹೊಸ ಬ್ಯಾಟರಿ ಬಂತು, ಸೆಲ್ಫ್ ಮೋಟಾರು ದುರಸ್ತಿಯಾಯಿತು, ಫಲ ದೊರೆಯಲಿಲ್ಲ. ಕ್ರಮೇಣ ಅನುಮಾನವು ಗಾಡಿಯಿಂದ ಅದನ್ನು ನಡೆಸುವ ತರುಣನತ್ತ ತಿರುಗಿತು. "ಏನಪ್ಪಾ, ನಮ್ಮ ಮುಂದ ಚಾಲೂ ಆಗೂ ಗಾಡಿ ನಿನ್ನ ಕೈಯಾಗ ಯಾಕ ಆಗೂದಿಲ್ಲ?" ಎಂದು ಹಿರಿಯ ಭಕ್ತರೊಬ್ಬರು ಕೇಳಿದರು. "ಯಜಮಾನರ, ದೂರ ಹೋಗಿ ಕಾದು ನಿಂತಾಗ ಅಷ್ಟ ಹಿಂಗ ಆಗತೈತ್ರಿ" ಎಂದು ಆತ ವಿನಯದಿಂದ ಉತ್ತರಿಸಿದ. ಆ ಮಾತಿನಲ್ಲಿಯೇ ರೋಗದ ಸುಳಿವಿತ್ತು. ಅದನ್ನು ಯಾರೂ ಕಿವಿಗೊಟ್ಟು ಕೇಳಲಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕೀಲಿ ತಿರುಗಿಸಿದಾಗ ಇಂಜಿನ್ ತಿರುಗುವುದೇ ಇಲ್ಲವೋ, ಅಥವಾ ತಿರುಗಿಯೂ ಹೊತ್ತಿಕೊಳ್ಳುವುದಿಲ್ಲವೋ? ಇವೆರಡೂ ಬೇರೆ ಬೇರೆ ರೋಗಗಳು. ಇವನ್ನು ಬೆರೆಸಿದರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ಇಂಜಿನ್ ತಿರುಗದಿದ್ದರೆ ದೋಷವು ಬಹುಪಾಲು ವಿದ್ಯುತ್ತಿನ ದಾರಿಯಲ್ಲಿರುತ್ತದೆ. ಆಗ ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿ ನೋಡಬೇಕು. ಬೆಳಕು ತೀರ ಮಂಕಾಗಿ, ಟಕಟಕನೆ ಸದ್ದು ಬಂದರೆ ಬ್ಯಾಟರಿ ಬಳಲಿದೆ ಅಥವಾ ಅದರ ಟರ್ಮಿನಲ್ಲುಗಳು ಕಿಲುಬು ಹಿಡಿದಿವೆ. ಬೆಳಕು ಹಾಗೆಯೇ ಉಳಿದು ಒಂದೇ ಒಂದು 'ಟಕ್' ಎಂಬ ಸದ್ದು ಬಂದರೆ ಸೆಲ್ಫ್ ಮೋಟಾರಿನ ಸೊಲೆನಾಯ್ಡನ್ನೋ ದಪ್ಪ ತಂತಿಗಳನ್ನೋ ಶಂಕಿಸಬೇಕು. ಏನೂ ಸದ್ದಿಲ್ಲದಿದ್ದರೆ ಕೀಲಿಯ ಸ್ವಿಚ್ಚು ಮತ್ತು ಅಲ್ಲಿಂದ ಹೊರಡುವ ಸಣ್ಣ ತಂತಿಗಳ ಕಡೆ ಗಮನ ಹೋಗಬೇಕು.

ಇಲ್ಲಿ ಮಲ್ಟಿಮೀಟರ್ ಎಂಬ ಅಗ್ಗದ ಉಪಕರಣವು ಊಹೆಯನ್ನು ತೊಡೆದುಹಾಕುತ್ತದೆ. ರಾತ್ರಿಯಿಡೀ ವಿಶ್ರಮಿಸಿದ ಆರೋಗ್ಯವಂತ ಬ್ಯಾಟರಿ ಸುಮಾರು ೧೨.೬ ವೋಲ್ಟ್ ತೋರಿಸುತ್ತದೆ, ೧೨.೨ ಎಂದರೆ ಅರ್ಧ ಬರಿದಾಗಿದೆಯೆಂದು ತಿಳಿಯಬೇಕು. ಸೆಲ್ಫ್ ಹೊಡೆಯುವಾಗ ಅದು ೯.೬ಕ್ಕಿಂತ ಕೆಳಗಿಳಿಯಬಾರದು. ಇಂಜಿನ್ ಓಡುವಾಗ ೧೩.೮ರಿಂದ ೧೪.೪ರವರೆಗೆ ಇದ್ದರೆ ಚಾರ್ಜಿಂಗ್ ಸರಿಯಿದೆ. ಬ್ಯಾಟರಿ ಚೆನ್ನಾಗಿದ್ದರೂ ಸೆಲ್ಫ್ ಬಳಲಿದರೆ, ಬ್ಯಾಟರಿಯ ಋಣ ಕಂಬಕ್ಕೂ ಇಂಜಿನ್ನಿನ ಲೋಹಕ್ಕೂ ಮೀಟರಿನ ಎರಡು ಕಡ್ಡಿಗಳನ್ನು ಹಚ್ಚಿ, ಮತ್ತೊಬ್ಬರಿಂದ ಕೀಲಿ ತಿರುಗಿಸಬೇಕು. ಸುಮಾರು ೦.೩ ವೋಲ್ಟಿಗಿಂತ ಹೆಚ್ಚು ತೋರಿದರೆ ವಿದ್ಯುತ್ತು ಮರಳುವ ದಾರಿಯಲ್ಲಿಯೇ ಅಡ್ಡಿಯಿದೆ.

ಮೇಲೆ ಹೇಳಿದ ಮಠದ ಗಾಡಿಯಲ್ಲಿ ಅದು ಕಾದು ನಿಂತ ಹೊತ್ತಿನಲ್ಲಿ ಹೀಗೆ ಅಳೆದಾಗ ಸುಮಾರು ೨ ವೋಲ್ಟ್ ಕಂಡಿತು. ಇಂಜಿನ್ನನ್ನೂ ಬಾಡಿಯನ್ನೂ ಕೂಡಿಸುವ ಅರ್ಥಿಂಗ್ ಪಟ್ಟಿಯ ಬೋಲ್ಟಿನಡಿಯಲ್ಲಿ ಬಣ್ಣವೂ ತುಕ್ಕೂ ಸೇರಿಕೊಂಡಿದ್ದವು. ತಣ್ಣಗಿದ್ದಾಗ ಆ ಕೂಡಲು ಹೇಗೋ ಕೆಲಸ ನಡೆಸುತ್ತಿತ್ತು. ಕಾದಾಗಲಾದರೋ ಸೆಲ್ಫ್ ಮೋಟಾರಿನ ತಾಮ್ರದ ಸುರುಳಿಗಳ ತಡೆಯೂ ಹೆಚ್ಚುವುದರಿಂದ ಉಳಿದ ಶಕ್ತಿ ಸಾಲುತ್ತಿರಲಿಲ್ಲ. ಉಜ್ಜುಕಾಗದದಿಂದ ತಿಕ್ಕಿ, ಬಿಗಿದು, ಗ್ರೀಸ್ ಸವರಿದ ಮೇಲೆ ಗಾಡಿ ಸರಿಹೋಯಿತು. ಆ ಕೆಲಸಕ್ಕೆ ತಗುಲಿದ ಖರ್ಚು ನಗಣ್ಯ. ಅದಕ್ಕೆ ಮೊದಲು ಆದ ಖರ್ಚು ಸಾವಿರಾರು ರೂಪಾಯಿ.

ಇಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ, ಪೆಟ್ರೋಲ್ ವಾಹನದಲ್ಲಿ ಎರಡನ್ನು ವಿಚಾರಿಸಬೇಕು: ಕಿಡಿ ಬರುತ್ತಿದೆಯೇ, ಇಂಧನ ಬರುತ್ತಿದೆಯೇ? ದೂರ ಓಡಿ ನಿಂತ ಮೇಲೆ ಕಿಡಿ ಸತ್ತು, ಅರ್ಧ ಗಂಟೆ ತಣಿದ ಮೇಲೆ ಮರಳಿದರೆ ಇಗ್ನಿಷನ್ ಕಾಯಿಲನ್ನೋ ಕಂಡೆನ್ಸರನ್ನೋ ಶಂಕಿಸಬೇಕು. ಮಳೆಗಾಲದ ಮುಂಜಾವಿನಲ್ಲಿ ಮಾತ್ರ ತೊಂದರೆಯಾದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ಕೂದಲೆಳೆಯ ಬಿರುಕು ಅಥವಾ ಪ್ಲಗ್ಗಿನ ತಂತಿಗಳಲ್ಲಿ ತೇವ ಇರಬಹುದು. ಕತ್ತಲೆಯಲ್ಲಿ ಇಂಜಿನ್ ಓಡಿಸಿ, ಮುಟ್ಟದೆ ನೋಡಿದರೆ ಸೋರುವ ಕಿಡಿ ನೀಲಿಯಾಗಿ ಕಾಣುತ್ತದೆ. ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟುಗಳಿರುವ ವಾಹನದಲ್ಲಿ ಅವುಗಳ ಅಂತರ, ಸುಟ್ಟ ಗುರುತು ಇವನ್ನೂ ಪರೀಕ್ಷಿಸಬೇಕು.

ಬೇಸಿಗೆಯ ಬಿಸಿಲಿನಲ್ಲಿ ನಿಂತಾಗ ಕೊಳವೆಯೊಳಗಿನ ಪೆಟ್ರೋಲು ಆವಿಯಾಗಿ ಪಂಪು ಸೋಲುವುದುಂಟು, ತಣಿದರೆ ಸರಿಹೋಗುತ್ತದೆ. ಹಲವು ದಿನ ನಿಂತ ಗಾಡಿ ಮೊದಲ ಸಲ ತಡಮಾಡಿದರೆ ಕಾರ್ಬ್ಯುರೇಟರಿನ ಬಟ್ಟಲು ಒಣಗಿರಬಹುದು. ಶೇಕಡ ೨೦ ಎಥನಾಲ್ ಬೆರೆತ ಪೆಟ್ರೋಲಿಗೆ ೨೦೨೩ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಎಥನಾಲ್ ನೀರನ್ನು ಹೀರುತ್ತದೆ. ಅದಕ್ಕೆಂದು ತಯಾರಾಗದ ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸಬಲ್ಲದು. ಆದುದರಿಂದ ಹಳೆಯ ಗಾಡಿಯವರು ಕೊಳವೆ, ಫಿಲ್ಟರುಗಳನ್ನು ಆಗಾಗ ನೋಡಿಕೊಳ್ಳುವುದು ಲೇಸು.

ಪರೀಕ್ಷೆಯ ಹೊತ್ತಿನಲ್ಲಿ ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಪೆಟ್ರೋಲಿನ ಹತ್ತಿರ ಬೆಂಕಿ-ಕಿಡಿ ಸುಳಿಯದಿರಲಿ. ಸೆಲ್ಫನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು.

ಇವೆಲ್ಲಕ್ಕಿಂತ ಮುಖ್ಯವಾದುದು ವಾಹನದಲ್ಲಿಡಬೇಕಾದ ಒಂದು ಚಿಕ್ಕ ನೋಟುಬುಕ್ಕು. ತೊಂದರೆಯಾದ ದಿನ, ಹೊತ್ತು, ಎಷ್ಟು ದೂರ ಓಡಿತ್ತು, ಎಷ್ಟು ಹೊತ್ತು ನಿಂತಿತ್ತು, ಮಳೆಯೋ ಬಿಸಿಲೋ, ಸದ್ದು ಹೇಗಿತ್ತು, ದೀಪ ಹೇಗಿತ್ತು, ಮತ್ತೆ ಯಾವಾಗ ಚಾಲೂ ಆಯಿತು, ಇಷ್ಟನ್ನು ಬರೆಯಬೇಕು. ಐದಾರು ಸಲ ಬರೆಯುವಷ್ಟರಲ್ಲಿ ದೋಷದ ಸ್ವಭಾವ ಗೋಚರಿಸತೊಡಗುತ್ತದೆ. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕಾರಣವೆಂಬುದು ತಿಳಿಯದು. ಸಾಧ್ಯವಾದರೆ ವಾಹನವು ಹಟ ಹಿಡಿದ ಜಾಗಕ್ಕೇ ಮೆಕ್ಯಾನಿಕ್‌ರನ್ನು ಕರೆಸಬೇಕು. ಚೆನ್ನಾಗಿ ಓಡುತ್ತಿರುವ ಗಾಡಿಯಲ್ಲಿ ದೋಷ ಹುಡುಕಿರೆನ್ನುವುದು ಆತನಿಗೂ ಅನ್ಯಾಯವೇ.

ನಮ್ಮ ಪರಂಪರೆಯಲ್ಲಿ ಅರಿವಿಗೆ ಗುರುವಿನ ಸ್ಥಾನವಿದೆ. ಅರಿವು ಪುಸ್ತಕದಿಂದ ಮಾತ್ರ ಬರುವುದಲ್ಲ. ದಿನವೂ ಆ ಕೆಲಸದಲ್ಲಿರುವವರ ಮಾತನ್ನು ಗೌರವದಿಂದ ಕೇಳುವುದರಿಂದಲೂ ಬರುತ್ತದೆ. ಗಾಡಿ ನಡೆಸುವುದೂ ಕಾಯಕವೇ. ಆ ಮಠದ ಹಿರಿಯರು ಗಾಡಿ ಸರಿಹೋದ ದಿನವೇ ತರುಣನನ್ನು ಕರೆದು, ದಾಸೋಹದ ಪಂಕ್ತಿಯಲ್ಲಿ ತಮ್ಮ ಪಕ್ಕದಲ್ಲಿ ಕೂಡ್ರಿಸಿಕೊಂಡರು. ಕಣ್ಣಿಗೆ ಬೀಳದ ದೋಷವನ್ನು ಇಲ್ಲವೆಂದು ತೀರ್ಮಾನಿಸುವ ಮುನ್ನ, ಅದನ್ನು ಕಂಡೆನೆನ್ನುವವನನ್ನು ಒಮ್ಮೆ ನಂಬಿ ನೋಡೋಣ.