ವಿಮಾನ ನಿಲ್ದಾಣದ ಝಡತಿಯೂ ನಾಗರಿಕನ ಸ್ವಾತಂತ್ರ್ಯವೂ

ಕುರ್ಲಾ, ಘಾಟ್‌ಕೋಪರ್, ವಿಲೇಪಾರ್ಲೆಗಳಲ್ಲಿ ವಾಸಿಸುವ ನಮ್ಮ ವಾಚಕರಿಗೆ ವಿಮಾನವೆಂಬುದು ಅಪೂರ್ವ ವಸ್ತುವೇನೂ ಅಲ್ಲ. ಪಾಠದ ನಡುವೆ ಅಧ್ಯಾಪಕರ ಮಾತನ್ನು ಕ್ಷಣಕಾಲ ಮುಳುಗಿಸಿ ಮಾಡಿನ ಮೇಲೆ ಹಾದುಹೋಗುವ ಆ ಗರ್ಜನೆಗೆ ನಾವೆಲ್ಲರೂ ಒಗ್ಗಿಹೋಗಿದ್ದೇವೆ. ಬೇಸಗೆಯ ರಜೆಯಲ್ಲಿ ಮಂಗಳೂರಿಗೋ ಬೆಂಗಳೂರಿಗೋ ವಿಮಾನದಲ್ಲಿಯೇ ಹೋಗಿಬಂದವರೂ ಈಗ ನಮ್ಮಲ್ಲಿ ಕಡಿಮೆಯಿಲ್ಲ. ಹಾಗೆ ಹೋದವರೆಲ್ಲರೂ ಸಾಂತಾಕ್ರೂಜಿನಲ್ಲಾಗಲಿ ಸಹಾರದಲ್ಲಾಗಲಿ ಒಂದು ವಿಧಿಗೆ ಒಳಗಾಗಿಯೇ ಇರಬೇಕು. ಚೀಲವನ್ನು ತಟ್ಟೆಯಲ್ಲಿಟ್ಟು, ಸೊಂಟದ ಪಟ್ಟಿಯನ್ನು ಕಳಚಿ, ಬಾಗಿಲಿಲ್ಲದ ಚೌಕಟ್ಟೊಂದನ್ನು ದಾಟಿ, ಕೈಗಳನ್ನು ಚಾಚಿ ನಿಲ್ಲಬೇಕು. ಸಮವಸ್ತ್ರ ತೊಟ್ಟ ಅಪರಿಚಿತರೊಬ್ಬರು ನಮ್ಮ ಮೈಯನ್ನು ತಡವಿ ನೋಡುತ್ತಾರೆ. ಇದೇ ಝಡತಿ.

ವಿಚಾರ ಮಾಡಿ ನೋಡಿದರೆ ಇದು ಸಾಮಾನ್ಯ ಸಂಗತಿಯಲ್ಲ. ಒಬ್ಬನ ಮನೆಯನ್ನು ಪೋಲೀಸರು ಶೋಧಿಸಬೇಕಾದರೆ ಸಾಧಾರಣವಾಗಿ ನ್ಯಾಯಾಧೀಶರ ಅಪ್ಪಣೆಪತ್ರ ಬೇಕು, ಅದನ್ನು ಪಡೆಯಲು ಕಾರಣವನ್ನು ತೋರಿಸಬೇಕು. ಇಲ್ಲಿಯಾದರೋ ಅಪ್ಪಣೆಪತ್ರವಿಲ್ಲ, ನಮ್ಮ ಮೇಲೆ ಯಾವ ಸಂಶಯವೂ ಇಲ್ಲ. ಆದರೂ ಎಳೆಯ ಮಗುವಿನಿಂದ ಮೊದಲುಗೊಂಡು ಮುಪ್ಪಿನ ಅಜ್ಜಿಯವರೆಗೆ ಎಲ್ಲರೂ ಮೈಯೊಡ್ಡುತ್ತಾರೆ. ಸ್ವತಂತ್ರ ದೇಶದ ಪ್ರಜೆಗಳು ಇದಕ್ಕೆ ಒಪ್ಪಿದುದು ಹೇಗೆ? ಒಪ್ಪಿಗೆಗೆ ಎಲ್ಲೆ ಎಲ್ಲಿ?

ಮೊದಲು ಹೀಗಿರಲಿಲ್ಲ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ತಾತಾ ಅವರು ಕರಾಚಿಯಿಂದ ಅಂಚೆಯ ಚೀಲಗಳನ್ನು ತಂದು ನಮ್ಮ ಜುಹೂವಿನಲ್ಲಿ ಇಳಿದಾಗ ಅಲ್ಲಿ ಇಂಥ ಚೌಕಟ್ಟು ಇರಲಿಲ್ಲ. (ಆ ಅಂಚೆ ಮುಂದೆ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಹೋಯಿತೆಂಬುದು ಕನ್ನಡಿಗರಾದ ನಮಗೆ ಸಂತೋಷದ ವಿಷಯ.) ಅನಂತರವೂ ಬಹುಕಾಲ ವಿಮಾನವನ್ನು ಏರುವುದು ಬಸ್ಸನ್ನು ಏರಿದಷ್ಟೇ ನಿರಾತಂಕವಾಗಿತ್ತು. 1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟ 'ಗಂಗಾ' ಎಂಬ ವಿಮಾನವನ್ನು ಇಬ್ಬರು ಯುವಕರು ಲಾಹೋರಿಗೆ ಅಪಹರಿಸಿದರು. ಅವರ ಕೈಯಲ್ಲಿದ್ದ ಪಿಸ್ತೂಲು ನಿಜವಾದುದಲ್ಲ, ಬಾಂಬೂ ನಿಜವಾದುದಲ್ಲ! ಆದರೆ ಆಕಾಶದಲ್ಲಿ ಅದನ್ನು ಪರೀಕ್ಷಿಸಿ ನೋಡುವ ಧೈರ್ಯ ಯಾರಿಗಿದ್ದೀತು?

1985ರ ಜೂನ್ 23ರ ದುರಂತ ಇದಕ್ಕಿಂತ ಎಷ್ಟೋ ಘೋರವಾದುದು. ಕೆನಡಾದಿಂದ ಹೊರಟು ಲಂಡನ್, ದಿಲ್ಲಿಗಳ ಮಾರ್ಗವಾಗಿ ನಮ್ಮ ಮುಂಬಯಿಗೆ ಬರಬೇಕಾಗಿದ್ದ 'ಕನಿಷ್ಕ' ವಿಮಾನವು ಐರ್ಲೆಂಡಿನ ಸಮೀಪ ಸಮುದ್ರದ ಮೇಲೆ ಸಿಡಿದು 329 ಜನರು ಮಡಿದರು. ಬಾಂಬಿದ್ದ ಪೆಟ್ಟಿಗೆಯನ್ನು ಕೊಟ್ಟವನು ತಾನು ವಿಮಾನವನ್ನು ಏರಿರಲೇ ಇಲ್ಲ; ಟೊರಾಂಟೋದಲ್ಲಿ ಪೆಟ್ಟಿಗೆಗಳನ್ನು ನೋಡುವ ಎಕ್ಸ್-ರೇ ಯಂತ್ರ ಆ ದಿನವೇ ಕೆಟ್ಟಿತ್ತು. ಒಡೆಯನಿಲ್ಲದ ಪೆಟ್ಟಿಗೆ ಹಾರಬಾರದೆಂಬ ನಿಯಮವು ಇಂದು ಎಷ್ಟು ಕಟ್ಟುನಿಟ್ಟಾಗಿದೆಯೆಂಬುದಕ್ಕೆ ಹಿನ್ನೆಲೆ ಇದು. ಮರುವರ್ಷ, 1986ರ ಸೆಪ್ಟೆಂಬರ್ 5ರಂದು, ಮುಂಬಯಿಯಿಂದ ಹೊರಟ ಪ್ಯಾನ್ ಆಮ್ ವಿಮಾನವನ್ನು ಕರಾಚಿಯಲ್ಲಿ ಹಿಡಿದವರು ನಿಲ್ದಾಣದ ರಕ್ಷಕರ ಉಡುಪನ್ನೇ ತೊಟ್ಟು ಬಂದಿದ್ದರು. ನಮ್ಮ ನಗರದ ನೀರಜಾ ಭನೋಟ್ ಪ್ರಯಾಣಿಕರನ್ನು ಉಳಿಸುತ್ತ ಪ್ರಾಣವನ್ನು ತೆತ್ತುದು ಅಲ್ಲಿಯೇ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನವು ಕಂದಹಾರಕ್ಕೆ ಅಪಹೃತವಾದ ಮೇಲೆ, 2000ರಲ್ಲಿ ಜಯಪುರದಿಂದ ಆರಂಭಿಸಿ, ಒಂದೊಂದಾಗಿ ನಿಲ್ದಾಣಗಳ ಕಾವಲು ಕೇಂದ್ರ ಔದ್ಯೋಗಿಕ ಭದ್ರತಾ ಪಡೆಗೆ ಬಂದಿತು.

ಇನ್ನು ಯಂತ್ರಗಳ ವಿಷಯ. ಆ ಚೌಕಟ್ಟಿನಲ್ಲಿ ಸುರುಳಿತಂತಿಗಳಿವೆ. ಅವು ಅಯಸ್ಕಾಂತ ಕ್ಷೇತ್ರವನ್ನು ಹೊಮ್ಮಿಸುತ್ತವೆ. ಲೋಹವೊಂದು ಹಾದುಹೋದರೆ ಅದರಲ್ಲಿ ಸಣ್ಣ ವಿದ್ಯುತ್ಪ್ರವಾಹವೇಳುತ್ತದೆ, ಯಂತ್ರವು ಅದನ್ನರಿತು ಕೂಗುತ್ತದೆ. ಅದು ಚೂರಿಗೂ ಕೂಗುತ್ತದೆ, ತಾಯಿಯ ಬಳೆಗೂ ಕೂಗುತ್ತದೆ. ಚೀಲವನ್ನು ನೋಡುವ ಎಕ್ಸ್-ರೇ ಯಂತ್ರವು ಲೋಹವನ್ನು ನೀಲಿಯಾಗಿಯೂ, ಆಹಾರ, ಸಾಬೂನು ಮುಂತಾದವನ್ನು ಕಿತ್ತಳೆಯಾಗಿಯೂ ತೋರಿಸುತ್ತದೆ. ಸ್ಫೋಟಕಗಳಲ್ಲಿ ಹೆಚ್ಚಿನವೂ ಕಿತ್ತಳೆಯೇ. ಮಾಹಿಮಿನ ಹಲ್ವದ ಪೊಟ್ಟಣವನ್ನು ಬಿಚ್ಚಿಸಿದರೆ ಕೋಪಿಸಿಕೊಳ್ಳುವವರು ಇದನ್ನು ನೆನೆಯಬೇಕು! ಯಂತ್ರವು ವಸ್ತುವನ್ನು ಕಾಣುತ್ತದೆಯೇ ಹೊರತು ಮನಸ್ಸನ್ನು ಕಾಣಲಾರದು. ಆದುದರಿಂದಲೇ ಅದರ ಪಕ್ಕದಲ್ಲಿ ಮನುಷ್ಯನೊಬ್ಬನಿರಬೇಕು.

ಆ ಮನುಷ್ಯನ ಕೈಗೆ ಅಧಿಕಾರವನ್ನಿತ್ತುದು ಕಾನೂನು. 1934ರ ವಿಮಾನ ಕಾಯಿದೆಯೂ, 2025ರ ಜನವರಿ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ವಾಯುಯಾನ ಅಧಿನಿಯಮವೂ ಈ ಏರ್ಪಾಟಿಗೆ ಆಧಾರ. ಆದರೆ ಕಾನೂನಿದೆಯೆಂದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಕಾನೂನು ವಿಧಿಸಿದ ಕ್ರಮವಿಲ್ಲದೆ ಯಾರ ಜೀವವನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಹರಣ ಮಾಡಕೂಡದೆಂದು ನಮ್ಮ ಸಂವಿಧಾನದ 21ನೆಯ ಅನುಚ್ಛೇದ ಹೇಳುತ್ತದೆ. ಆ ಕ್ರಮವು ನ್ಯಾಯವೂ ಯುಕ್ತವೂ ಆಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟಿನ ಮೊಕದ್ದಮೆಯಲ್ಲಿ ಹೇಳಿತು. ಆದರೆ ಖಾಸಗಿತನವೆಂಬುದು ಮೂಲಭೂತ ಹಕ್ಕೇ ಎಂಬ ಪ್ರಶ್ನೆ ಬಹುಕಾಲ ತೂಗಾಡುತ್ತಲೇ ಇತ್ತು. ಅದನ್ನು ಇತ್ಯರ್ಥಗೊಳಿಸಿದ ಮೊಕದ್ದಮೆ ಕನ್ನಡನಾಡಿನ ಹಿರಿಯರೊಬ್ಬರದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. ಸರಕಾರವು ಆ ಹಕ್ಕನ್ನು ಮೊಟಕುಗೊಳಿಸುವುದಾದರೆ ಮೂರು ಜರಡಿಗಳನ್ನು ದಾಟಬೇಕು: ಕಾನೂನು ಇರಬೇಕು, ಉದ್ದೇಶ ಯೋಗ್ಯವಾಗಿರಬೇಕು, ಕ್ರಮವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು.

ವಿಮಾನ ನಿಲ್ದಾಣದ ಝಡತಿಯು ಮೊದಲೆರಡನ್ನು ಸುಲಭವಾಗಿ ದಾಟುತ್ತದೆ. ತೊಡಕಿರುವುದು ಮೂರನೆಯದರಲ್ಲಿ. ನಮ್ಮ ಲೋಕಲ್ ಗಾಡಿಯನ್ನೇ ನೋಡೋಣ. 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಗಾಡಿಗಳಲ್ಲಿ ಏಳು ಬಾಂಬುಗಳು ಸಿಡಿದು ಸುಮಾರು ಇನ್ನೂರು ಜನರು ಸತ್ತರು. ಆದರೂ ದಿನವೂ ಲೋಕಲ್ ಹಿಡಿಯುವ ಅರವತ್ತು ಲಕ್ಷಕ್ಕೂ ಮಿಕ್ಕ ಜನರ ಮೈಯನ್ನು ಯಾರೂ ತಡವುವುದಿಲ್ಲ. ತಡವಿದರೆ ದಾದರಿನ ಸಾಲು ಠಾಣೆಯವರೆಗೆ ಬೆಳೆದೀತು. ಅಪಾಯವಿರುವಲ್ಲೆಲ್ಲ ಝಡತಿಯಿರಬೇಕೆಂಬ ವಾದವನ್ನು ಈ ನಗರವೇ ಒಪ್ಪಿಲ್ಲ. ನಾವು ಪ್ರತಿದಿನವೂ ತೂಗಿ ನೋಡುತ್ತಲೇ ಇದ್ದೇವೆ.

ತೂಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಮುಂಬಯಿಯ ನರ್ತಕಿ ಸುಧಾ ಚಂದ್ರನ್ ಅವರ ಅನುಭವವು ನಿದರ್ಶನ. 1981ರ ಅಪಘಾತವೊಂದರಿಂದಾಗಿ ಒಂದು ಕಾಲನ್ನು ಕಳೆದುಕೊಂಡ ಅವರು ಕೃತಕ ಕಾಲನ್ನು ಕಟ್ಟಿಕೊಂಡು ಭರತನಾಟ್ಯಕ್ಕೆ ಮರಳಿದವರು. 'ಮಯೂರಿ' ಚಲನಚಿತ್ರದ ಕಥೆ ಅವರದೇ. ವಿಮಾನ ಪ್ರಯಾಣಕ್ಕೆ ಹೋದಾಗಲೆಲ್ಲ ಆ ಕಾಲನ್ನು ಕಳಚಿ ತೋರಿಸುವಂತೆ ಹೇಳುತ್ತಾರೆಂದು 2021ರ ಅಕ್ಟೋಬರಿನಲ್ಲಿ ಅವರು ಬಹಿರಂಗವಾಗಿ ಪ್ರಧಾನಮಂತ್ರಿಗಳಲ್ಲಿ ಮೊರೆಯಿಟ್ಟರು. ಹಿರಿಯ ನಾಗರಿಕರಿಗೆ ಕೊಡುವಂಥ ಒಂದು ಚೀಟಿಯನ್ನಾದರೂ ತಮ್ಮಂಥವರಿಗೆ ಕೊಡಬಾರದೆ ಎಂಬುದು ಅವರ ಕೋರಿಕೆ. ಭದ್ರತಾ ಪಡೆ ಕ್ಷಮೆ ಕೇಳಿತು. ಅಸಾಧಾರಣ ಸಂದರ್ಭದಲ್ಲಿ ಮಾತ್ರ ಅಂಗವನ್ನು ತೆಗೆಯಿಸಬೇಕೆಂಬುದೇ ತನ್ನ ನಿಯಮವೆಂದೂ ತಿಳಿಸಿತು.

ಕೃತಕ ಕಾಲಿನೊಳಗೆ ಏನನ್ನಾದರೂ ಬಚ್ಚಿಡಲು ಸಾಧ್ಯವಿಲ್ಲವೆ ಎಂದು ಕೇಳಬಹುದು. ಸಾಧ್ಯವಿದೆ, ಕಾವಲುಗಾರನ ಭಯ ಸುಳ್ಳಲ್ಲ. ಆದರೆ ಬಟ್ಟೆಯ ಚೂರೊಂದನ್ನು ಆ ಅಂಗದ ಮೇಲೆ ಒರಸಿ ಯಂತ್ರಕ್ಕಿಟ್ಟರೆ ಸ್ಫೋಟಕದ ಕಣವಿದ್ದಲ್ಲಿ ತಿಳಿಯುತ್ತದೆ. ಅಂಗವನ್ನು ಕಳಚದೆಯೇ ನೋಡಬಲ್ಲ ಯಂತ್ರಗಳೂ ಇವೆ. ಬೇಕಾದುದು ಉಪಕರಣ, ಅದನ್ನು ಬಲ್ಲವರು, ಮತ್ತು ಐದು ನಿಮಿಷಗಳ ತಾಳ್ಮೆ. ಇವುಗಳನ್ನು ಒದಗಿಸದೆ, ಕಾಲು ಕಳಚೆಂದು ಹೇಳುವುದು ಭದ್ರತೆಯಲ್ಲ, ಅನುಕೂಲ; ಅದರ ಬೆಲೆಯನ್ನು ತೆರುವವರು ಮಾತ್ರ ಪ್ರಯಾಣಿಕರು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಾನವ ಘನತೆಯ ದೃಷ್ಟಿಯಿಂದ, ಅಂಗವಿಕಲರ ಕೃತಕ ಅಂಗಗಳನ್ನು ಕಳಚಿಸಬಾರದೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿತು.

ನಿಯಮವು ಬಾಗಿದರೆ ಭದ್ರತೆಯು ಮುರಿಯುವುದಿಲ್ಲ. ಸಿಖ್ಖರು ದೇಶದೊಳಗಿನ ಪ್ರಯಾಣದಲ್ಲಿ ಆರು ಇಂಚಿಗೆ ಮೀರದ ಅಲಗಿನ ಕೃಪಾಣವನ್ನು ಧರಿಸಬಹುದು. ತೆಂಗಿನಕಾಯಿಯನ್ನು ಕೈಚೀಲದಲ್ಲಿ ಒಯ್ಯಬಾರದೆಂಬ ನಿಯಮವನ್ನು ಶಬರಿಮಲೆಯ ಯಾತ್ರಿಕರ ಇರುಮುಡಿಗಾಗಿ 2024ರಲ್ಲಿ ಯಾತ್ರೆಯ ಕಾಲಕ್ಕೆ ಸಡಿಲಿಸಿದರು. ಕಾಯಿಯನ್ನು ಯಂತ್ರದಲ್ಲಿ ನೋಡಿಯೇ ಬಿಡುತ್ತಿದ್ದರು. ಇನ್ನು ಸಮಾನತೆಯ ಮಾತು. ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಗೆ ಝಡತಿಯಿಂದ ವಿನಾಯಿತಿಯಿತ್ತು. 2009ರಲ್ಲಿ ದಿಲ್ಲಿಯಲ್ಲಿ ವಿದೇಶೀ ವಿಮಾನ ಸಂಸ್ಥೆಯೊಂದರ ಸಿಬ್ಬಂದಿ ಅವರನ್ನೂ ತಪಾಸಿಸಿದರು. ದೇಶವೆಲ್ಲ ಕೆರಳಿದರೂ ಅವರು ಒಂದು ದೂರನ್ನೂ ಕೊಡಲಿಲ್ಲ. ಎಲ್ಲರಿಗೂ ಒಂದೇ ಆದ ಝಡತಿಯಲ್ಲಿ ಅವಮಾನವಿಲ್ಲ. ಹೆಸರನ್ನೋ ಮತವನ್ನೋ ನೋಡಿ ಒಬ್ಬನನ್ನು ಮಾತ್ರ ಬದಿಗೆ ನಿಲ್ಲಿಸುವುದೇ ಅವಮಾನವೆಂದು ನಮ್ಮ ಭಾವನೆ.

ಈಚೆಗೆ ಇನ್ನೊಂದು ಸಂಗತಿ ಸೇರಿದೆ. 'ಡಿಜಿ ಯಾತ್ರಾ' ಎಂಬ ವ್ಯವಸ್ಥೆಯು 2022ರ ಡಿಸೆಂಬರ್ 1ರಂದು ದಿಲ್ಲಿ, ಬೆಂಗಳೂರು, ವಾರಾಣಸಿಗಳಲ್ಲಿ ಆರಂಭವಾಗಿ ಮರುವರ್ಷ ಮುಂಬಯಿಗೂ ಬಂದಿತು. ಇದರಲ್ಲಿ ಪ್ರಯಾಣಿಕನ ಮುಖವೇ ಗುರುತುಚೀಟಿ. ಕ್ಯಾಮರಾ ನೋಡಿದೊಡನೆ ಬಾಗಿಲು ತೆರೆಯುತ್ತದೆ. ಸಾಲು ಬೇಗನೆ ಸಾಗುತ್ತದೆಂಬುದು ನಿಜ. ಆದರೆ ಝಡತಿಯ ಕೈಯು ಮೈಯಿಂದ ಸರಿದೊಡನೆ ಆ ಝಡತಿ ಮುಗಿಯಿತು, ಅದರ ಯಾವ ಗುರುತೂ ಉಳಿಯುವುದಿಲ್ಲ. ಮುಖದ ಅಳತೆ ಹಾಗಲ್ಲ. ಒಮ್ಮೆ ಬರೆದಿಟ್ಟರೆ ಅದು ಬೇರೆಡೆಗೂ ಹೋಗಬಲ್ಲುದು, ಬೀಗದ ಕೈಯಂತೆ ಮುಖವನ್ನು ಬದಲಿಸಿಕೊಳ್ಳಲು ನಮ್ಮಿಂದಾಗದು. ವಿಮಾನ ಹೊರಟ 24 ಗಂಟೆಗಳೊಳಗೆ ನಿಲ್ದಾಣದವರು ಅದನ್ನು ಅಳಿಸಬೇಕೆಂದು ನಿಯಮವಿದೆ. ಆರಂಭದಲ್ಲಿ ಕೆಲವೆಡೆ ಪ್ರವೇಶದ್ವಾರದಲ್ಲಿ ಸರಿಯಾಗಿ ತಿಳಿಸದೆಯೇ ಚಿತ್ರ ತೆಗೆಯುತ್ತಾರೆಂದು ಪ್ರಯಾಣಿಕರು ದೂರಿದರು. ಇದು ಐಚ್ಛಿಕವೆಂದು ಸರಕಾರವು ಮತ್ತೆ ಮತ್ತೆ ಹೇಳಬೇಕಾಯಿತು. ಅಂತೆಯೇ ಚೀಟಿಯನ್ನೂ ಗುರುತುಪತ್ರವನ್ನೂ ಕಾವಲುಗಾರನಿಗೆ ತೋರಿಸಿ ಒಳಗೆ ಹೋಗುವ ಹಳೆಯ ಸಾಲು ಇನ್ನೂ ಇದೆ. ಅದು ಸ್ವಲ್ಪ ನಿಧಾನ. ಸಹಾರಕ್ಕೆ ಹೋಗುವವರು ಮನೆಯಿಂದ ಕಾಲು ಗಂಟೆ ಮುಂಚೆ ಹೊರಟರೆ ಸಾಕು.